ಗೋಬರ್ ಗ್ಯಾಸಿನ ಗಂಧಕ ತೆಗೆಯಲು ಬ್ಯಾಕ್ಟೀರಿಯಾ ಸಾಕಿದ್ದು: ಪೈಪು ಫಿಲ್ಟರ್ ಕಟ್ಟಿದ ದಾಖಲೆ

ಶಿರಸಿ ಸೀಮೆಯ ಅಡಿಕೆ ತೋಟದ ಮನೆಗಳಿಗೆ ಗೋಬರ್ ಗ್ಯಾಸ್ ಹೊಸದಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2001ರಲ್ಲೇ ಶಿರಸಿಯ ಗೋಬರ್ ಗ್ಯಾಸನ್ನು ಯಶಸ್ಸಿನ ಕಥೆ ಎಂದು ಬರೆದಿದ್ದರು. ಅಡುಗೆಗೆ ಅದು ಧಾರಾಳ ಸಾಕು. ತೊಂದರೆ ಶುರುವಾಗುವುದು ಅದರಲ್ಲಿ ಎಂಜಿನ್ ಓಡಿಸಲು ಹೊರಟಾಗ. ಗ್ಯಾಸಿನಲ್ಲಿ ಕೊಳೆತ ಮೊಟ್ಟೆ ವಾಸನೆಯ, ಗಂಧಕ ಸೇರಿದ ಅನಿಲ ಹೈಡ್ರೋಜನ್ ಸಲ್ಫೈಡ್ ಇರುತ್ತದೆ. ತಾಮ್ರ, ಹಿತ್ತಾಳೆಯ ಭಾಗಗಳನ್ನು ಅದು ಕಪ್ಪಾಗಿಸಿ ತಿನ್ನುತ್ತದೆ. ಉರಿದ ಮೇಲೆ ಆಮ್ಲವಾಗಿ ಎಂಜಿನ್ ಆಯಿಲ್ ಕೆಡಿಸುತ್ತದೆ. ನಮ್ಮ ಜನರೇಟರಿನ ಆಯಿಲ್ ಹೀಗೆ ಬೇಗ ಬೇಗ ಕೆಡುತ್ತಿತ್ತು. ಮಳೆಗಾಲದಲ್ಲಿ ಗಾಳಿಗೆ ಮರ ಬಿದ್ದು ಕರೆಂಟು ಹೋದರೆ ನಮಗೆ ಅದೇ ಗತಿ. ಆದ್ದರಿಂದ ಗ್ಯಾಸನ್ನು ತೊಳೆಯುವ ವ್ಯವಸ್ಥೆ ಬೇಕೇ ಬೇಕಾಗಿತ್ತು.

ಗಂಧಕವನ್ನೇ ಊಟ ಮಾಡಿ ಬದುಕುವ ಬ್ಯಾಕ್ಟೀರಿಯಾಗಳನ್ನು ಸಾಕಿ ಈ ಕೆಲಸ ಮಾಡಿಸಿದೆ. ಮಾಡಿದ ಕ್ರಮದಲ್ಲೇ ಬರೆಯುತ್ತಿದ್ದೇನೆ. ಯಾವುದು ಕೈಕೊಟ್ಟಿತು ಅನ್ನುವುದೂ ಇದೆ.

ಮೊದಲೇ ಒಂದು ಎಚ್ಚರಿಕೆ. ಹೈಡ್ರೋಜನ್ ಸಲ್ಫೈಡ್ ವಿಷ. 100 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಯಲ್ಲಿ 100 ಭಾಗ) ದಾಟಿದರೆ ಮೂಗು ಮರಗಟ್ಟಿ ವಾಸನೆಯೇ ಗೊತ್ತಾಗುವುದಿಲ್ಲ. 1000 ದಾಟಿದ ಗಾಳಿಯನ್ನು ಕೆಲವು ಉಸಿರು ಎಳೆದರೂ ಮನುಷ್ಯ ಕುಸಿದು ಬೀಳಬಹುದು. ಕೊಟ್ಟಿಗೆ ಗ್ಯಾಸಿನಲ್ಲಿ 1000ದಿಂದ 3000 ಪಿಪಿಎಂ ಇರುವುದು ಸಾಮಾನ್ಯ. ಕೆಲಸವನ್ನೆಲ್ಲ ಬಯಲಿನಲ್ಲೇ ಮಾಡಬೇಕು. ಗ್ಯಾಸ್ ಗುಂಡಿಯೊಳಗೆ ಯಾವ ಕಾರಣಕ್ಕೂ ಇಳಿಯಬಾರದು.

1. ಇದ್ದದ್ದು

ದೀನಬಂಧು ಮಾದರಿಯ, ಅಂದರೆ ಮೇಲೆ ಅಲುಗದ ಗಟ್ಟಿ ಡೋಮ್ ಇರುವ ಗುಂಡಿ. ದಿನಕ್ಕೆ ಸುಮಾರು 100 ಕಿಲೋ ಸಗಣಿ ಬೀಳುತ್ತದೆ. ಕಿಲೋಗೆ 40 ಲೀಟರ್ ಲೆಕ್ಕದಲ್ಲಿ 4 ಘನ ಮೀಟರ್ ಗ್ಯಾಸ್. ಅರ್ಧ ಅಡುಗೆಮನೆಗೆ, ಉಳಿದ 2 ಘನ ಮೀಟರ್ ಒಂದು ಗ್ಯಾಸ್ ಬ್ಯಾಗಿಗೆ. ಬ್ಯಾಗಿನಿಂದ ಜನರೇಟರಿಗೆ. ಒಂದು ಯೂನಿಟ್ ಕರೆಂಟಿಗೆ ಮುಕ್ಕಾಲು ಘನ ಮೀಟರಿನಷ್ಟು ಗ್ಯಾಸ್ ಬೇಕು. ಅಂದರೆ ರಾತ್ರಿಯ ದೀಪ, ಫ್ಯಾನು, ನೀರಿನ ಸಣ್ಣ ಪಂಪಿಗೆ ಆಗುವಷ್ಟು.

ಬ್ಯಾಕ್ಟೀರಿಯಾಕ್ಕಿಂತ ಮುಂಚೆ ಕಬ್ಬಿಣ ಹಾಕಿ ನೋಡಿದ್ದೆ. ಲೇತ್ ಅಂಗಡಿಯಿಂದ ಕಬ್ಬಿಣದ ಸುರುಳಿ ತಂದು, ನೀರು ಚಿಮುಕಿಸಿ ತುಕ್ಕು ಹಿಡಿಸಿ, ಪೈಪಿನಲ್ಲಿ ತುಂಬಿದ್ದು. ತುಕ್ಕು ಗಂಧಕವನ್ನು ಚೆನ್ನಾಗಿ ಹಿಡಿಯುತ್ತದೆ, ಅದರಲ್ಲಿ ಅನುಮಾನ ಇಲ್ಲ. ಆದರೆ ಬೇಗ ತುಂಬಿಹೋಗುತ್ತದೆ. ತೆಗೆದು ಗಾಳಿಗೆ ಹರವಿದರೆ ಕೈ ಸುಡುವಷ್ಟು ಬಿಸಿಯಾಗುತ್ತದೆ. ಒಣ ಹುಲ್ಲು ಪಕ್ಕದಲ್ಲಿದ್ದರೆ ಬೆಂಕಿಯೇ ಹತ್ತಬಹುದು. ಕೊಟ್ಟಿಗೆಯ ಹತ್ತಿರ ಅಂಥದ್ದು ನನಗೆ ಬೇಡವಾಯಿತು.

2. ಲೆಕ್ಕ

2 ಘನ ಮೀಟರ್ ಗ್ಯಾಸಿನಲ್ಲಿ 2000 ಪಿಪಿಎಂ ಅಂದರೆ ದಿನಕ್ಕೆ 4 ಲೀಟರ್ ಹೈಡ್ರೋಜನ್ ಸಲ್ಫೈಡ್. ಅದರಲ್ಲಿರುವ ಗಂಧಕ ಸುಮಾರು 5 ಗ್ರಾಂ. ನೋಡಲು ಒಂದು ಚಮಚದಷ್ಟೇ.

ಬ್ಯಾಕ್ಟೀರಿಯಾ ಇದನ್ನು ಎರಡು ಹಂತದಲ್ಲಿ ತಿನ್ನುತ್ತದೆ. ಆಮ್ಲಜನಕ ಕಡಿಮೆ ಕೊಟ್ಟರೆ ಗಂಧಕದ ಪುಡಿಯಾಗುವಲ್ಲಿಗೆ ನಿಲ್ಲಿಸುತ್ತದೆ. ಜಾಸ್ತಿ ಕೊಟ್ಟರೆ ಗಂಧಕಾಮ್ಲದವರೆಗೂ ಒಯ್ಯುತ್ತದೆ. ಪುಡಿಯಲ್ಲಿ ನಿಲ್ಲಲು ಗ್ಯಾಸಿನ ಅರ್ಧ ಪರ್ಸೆಂಟಿನಷ್ಟು ಗಾಳಿ ಸಾಕು. ಆಮ್ಲದವರೆಗೆ ಹೋಗಲು ಸುಮಾರು 2 ಪರ್ಸೆಂಟ್ ಬೇಕು. ಕಾಗದದ ಮೇಲಿನ ಲೆಕ್ಕ ಇದು. ಪೈಪಿನಲ್ಲಿ ಎಲ್ಲಾ ಆಮ್ಲಜನಕವೂ ನೀರಿಗೆ ಇಳಿಯುವುದಿಲ್ಲ, ಆದ್ದರಿಂದ 2ರಿಂದ 4 ಪರ್ಸೆಂಟ್ ಕೊಡಬೇಕಾಗುತ್ತದೆ. ಎಲ್ಲವೂ ಆಮ್ಲವಾದರೆ ದಿನಕ್ಕೆ 16 ಗ್ರಾಂ ಗಂಧಕಾಮ್ಲ. ಈ ಅಂಕಿಗಳನ್ನು ಕೊಟ್ಟಿಗೆಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟುಕೊಂಡಿದ್ದೆ. ಮುಂದಿನ ಎಲ್ಲಾ ತೀರ್ಮಾನಕ್ಕೂ ಇವೇ ಬೇಕಾದವು.

3. ಬೀಜ ಹುಡುಕಿದ್ದು

ಬ್ಯಾಕ್ಟೀರಿಯಾ ಎಲ್ಲಿಂದ ತರುವುದು? ಕುಮಟಾ ಕಡೆಯ ನೆಂಟರೊಬ್ಬರು ಅಘನಾಶಿನಿ ಹಿನ್ನೀರಿನ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡದಿಂದ ಕಪ್ಪು ಕೆಸರು ತಂದುಕೊಟ್ಟರು. ಅಲ್ಲಿನ ಕೆಸರಿಗೂ ಇದೇ ವಾಸನೆ. ಉಬ್ಬರ ಇಳಿದಾಗ ಕೆಸರಿನ ಮೇಲೆ ಕಾಣುವ ಬಿಳಿ ಪೊರೆಯಲ್ಲಿ ಇಂಥ ಬ್ಯಾಕ್ಟೀರಿಯಾಗಳು ಇರುತ್ತವೆ. ಇನ್ನೊಂದು ಮೂಲ ಮನೆಯಲ್ಲೇ ಇತ್ತು. ಗ್ಯಾಸ್ ಗುಂಡಿಯ ಹೊರಬಾಯಿಯಲ್ಲಿ, ಸ್ಲರಿ (ಗ್ಯಾಸ್ ಬಿಟ್ಟ ಮೇಲಿನ ಸಗಣಿ ರಾಡಿ) ಮಟ್ಟದ ಸ್ವಲ್ಪ ಮೇಲೆ, ಸಿಮೆಂಟು ಉದುರಿ ಮರಳು ಕಾಣುತ್ತಿತ್ತು. ಅಲ್ಲೆಲ್ಲ ಬಿಳಿ ಪುಡಿ, ಒದ್ದೆ ಪೊರೆ. ಸ್ಲರಿಯಿಂದ ಏಳುವ ಹೈಡ್ರೋಜನ್ ಸಲ್ಫೈಡಿಗೆ ಹೊರಗಿನ ಗಾಳಿ ಸೇರುವ ಜಾಗ ಅದು. ಊಟವೂ ಉಸಿರೂ ಒಟ್ಟಿಗೆ ಸಿಗುತ್ತದೆ. ಬ್ಯಾಕ್ಟೀರಿಯಾ ಅಲ್ಲಿ ಕೂತು ಆಮ್ಲ ಮಾಡಿ ಸಿಮೆಂಟು ತಿನ್ನುತ್ತದೆ. ಮೆಲ್ಬರ್ನ್ ನಗರದ ಚರಂಡಿಯ ಕಾಂಕ್ರೀಟು ಕರಗುತ್ತಿದ್ದದ್ದು ಇದೇ ಕಾರಣಕ್ಕೆ ಎಂದು ಪಾರ್ಕರ್ ಎಂಬ ವಿಜ್ಞಾನಿ 1945ರಲ್ಲಿ ತೋರಿಸಿದ್ದರು.

ಎರಡನ್ನೂ ಬಾಟಲಿಯಲ್ಲಿ ಬೆಳೆಸಿ ನೋಡಿದೆ. ಬೇಕಾದ ಸಾಮಾನು ಇಷ್ಟೇ:

ಕುದಿಸಿ ಆರಿಸಿದ ಬಾವಿ ನೀರು 1 ಲೀಟರ್. ಹೈಪೋ ಹರಳು (ಗಂಧಕ ಇರುವ ಉಪ್ಪು, ಸೋಡಿಯಂ ಥಯೋಸಲ್ಫೇಟ್) 5 ಗ್ರಾಂ, ಅಕ್ವೇರಿಯಂ ಅಂಗಡಿಯಲ್ಲಿ ಕ್ಲೋರಿನ್ ತೆಗೆಯಲು ಕೊಡುತ್ತಾರಲ್ಲ, ಅದು. ಡಿಎಪಿ ಗೊಬ್ಬರ 1 ಗ್ರಾಂ, ಅರೆದು ಸೋಸಿದ್ದು. ಎಪ್ಸಮ್ ಸಾಲ್ಟ್ ಒಂದು ಚಿಟಿಕೆ. ಅಕ್ವೇರಿಯಂ ಪಿಎಚ್ ಕಿಟ್ಟಿನ ನೀಲಿ ದ್ರಾವಣ ಕೆಲವು ಹನಿ. ಅದು ಬ್ರೋಮೋಥೈಮಾಲ್ ಬ್ಲೂ. ಪಿಎಚ್ ಅಂದರೆ ಹುಳಿ, ಕ್ಷಾರದ ಅಳತೆ, 7ಕ್ಕಿಂತ ಕೆಳಗೆ ಇಳಿದಷ್ಟೂ ಹುಳಿ. 7.6ಕ್ಕಿಂತ ಮೇಲೆ ನೀಲಿ, 6ಕ್ಕಿಂತ ಕೆಳಗೆ ಹಳದಿ.

ಸಕ್ಕರೆ ಇಲ್ಲ, ಬೆಲ್ಲ ಇಲ್ಲ, ಗಂಜಿ ಇಲ್ಲ. ಬೇಕಂತಲೇ ಹಾಕಿಲ್ಲ. ಗಂಧಕ ತಿನ್ನುವ ಈ ಬ್ಯಾಕ್ಟೀರಿಯಾ ತನ್ನ ಮೈಗೆ ಬೇಕಾದ ಇಂಗಾಲವನ್ನು ಗಾಳಿಯ ಕಾರ್ಬನ್ ಡೈಆಕ್ಸೈಡಿನಿಂದಲೇ ತೆಗೆದುಕೊಳ್ಳುತ್ತದೆ. ಗಿಡ ಮಾಡುವ ಕೆಲಸವನ್ನೇ ಬೆಳಕಿಲ್ಲದೆ, ಗಂಧಕದಿಂದ ಬರುವ ಶಕ್ತಿಯಲ್ಲಿ ಮಾಡುತ್ತದೆ. ಬೆಲ್ಲ ಹಾಕಿದರೆ ಬೇರೆ ಬ್ಯಾಕ್ಟೀರಿಯಾಗಳು ಬೆಳೆದು ಬಾಟಲಿ ತುಂಬಿಬಿಡುತ್ತವೆ. ಹೈಪೋ ಮಾತ್ರ ಇದ್ದರೆ ಅದನ್ನು ತಿನ್ನಲು ಬಲ್ಲವು ಮಾತ್ರ ಮುಂದೆ ಬರುತ್ತವೆ.

ಮೂರು ಬಾಟಲಿ. ಒಂದಕ್ಕೆ ಕೆಸರು, ಒಂದಕ್ಕೆ ಗುಂಡಿ ಬಾಯಿಯಿಂದ ಕೆರೆದ ಬಿಳಿ ಪುಡಿ, ಒಂದಕ್ಕೆ ಏನೂ ಇಲ್ಲ. ಬಾಯಿಗೆ ಹತ್ತಿ ತುರುಕಿ ಅಡುಗೆಮನೆಯ ಅಟ್ಟದ ಮೇಲಿಟ್ಟೆ. ಅಲ್ಲಿ ಬೆಚ್ಚಗಿರುತ್ತದೆ. ಬಹುಪಾಲು ಇವಕ್ಕೆ 28–30 ಡಿಗ್ರಿ ಹಿತ.

ಗುಂಡಿ ಬಾಯಿಯ ಬಾಟಲಿ ಒಂದು ವಾರದೊಳಗೆ ಹಸಿರಾಗಿ, ಆಮೇಲೆ ಹಳದಿಗೆ ತಿರುಗಿತು. ಏನೂ ಹಾಕದ್ದು ನೀಲಿಯಾಗಿಯೇ ಉಳಿಯಿತು. ಕೆಸರಿನ ಬಾಟಲಿ ಬಣ್ಣ ಬದಲಿಸಲು ತುಂಬಾ ತಡಮಾಡಿತು. ಉಪ್ಪು ನೀರಿನಲ್ಲಿ ಹುಟ್ಟಿ ಬೆಳೆದ ಬ್ಯಾಕ್ಟೀರಿಯಾಕ್ಕೆ ಬಾವಿಯ ಸಿಹಿ ನೀರು ಒಗ್ಗದು. ಕೆಸರನ್ನು ಅಲ್ಲಿಗೇ ಬಿಟ್ಟೆ.

ಬಾಟಲಿ ಪ್ರಯೋಗ ಮಾಡುವವರು ಒಂದು ವಿಷಯ ನೆನಪಿಡಿ. ನೀರು ಹಾಲಿನ ಹಾಗೆ ಬೆಳ್ಳಗಾದರೆ ಅದು ಬೆಳವಣಿಗೆಯೇ ಎಂದು ಹೇಳಲಾಗದು. ಆಮ್ಲ ಜಾಸ್ತಿಯಾದರೆ ಹೈಪೋ ತಾನೇ ಒಡೆದು ಗಂಧಕ ಉದುರಿಸುತ್ತದೆ. ಖಾಲಿ ಬಾಟಲಿಗೆ ನಿಂಬೆರಸ ಹಿಂಡಿದರೂ ಸ್ವಲ್ಪ ಹೊತ್ತಿಗೆ ಬೆಳ್ಳಗಾಗುತ್ತದೆ. ಬಣ್ಣ ನೀಲಿಯಿಂದ ಹಳದಿಗೆ ಹೋಗುವುದನ್ನು ನೋಡಬೇಕು. ಆಮೇಲೆ ಆ ಬಾಟಲಿಯ ಒಂದು ಚಮಚ ಹೊಸ ಬಾಟಲಿಗೆ ಹಾಕಿದರೆ ಅದೂ ಹಳದಿಯಾಗಬೇಕು. ನನ್ನದು ಎರಡನೇ ಬಾಟಲಿಯಲ್ಲಿ ಮೊದಲಿಗಿಂತ ಬೇಗ ಹಳದಿಯಾಯಿತು. ಆಗ ಧೈರ್ಯ ಬಂತು.

4. ಪೈಪು

160 ಮಿಲಿಮೀಟರಿನ ಪಿವಿಸಿ ಪೈಪು, ಒಂದೂವರೆ ಮೀಟರ್. ಕೊಟ್ಟಿಗೆಯ ಹೊರಗೋಡೆಗೆ ಕ್ಲಾಂಪ್ ಹಾಕಿ ನೆಟ್ಟಗೆ ನಿಲ್ಲಿಸಿದ್ದು. ಮೇಲೆ ಶೀಟಿನ ಮರೆ ಇದೆ, ಮೂರು ಬದಿ ಬಯಲು. ಕೆಳಗೆ ಒಂದು ಜಾಲರಿ, ಅದರ ಮೇಲೆ 1.2 ಮೀಟರ್ ಎತ್ತರ ತುಂಬುವ ಸಾಮಗ್ರಿ. ಒಳಗಿನ ಜಾಗ ಸುಮಾರು 21 ಲೀಟರ್. ಬ್ಯಾಗು ತುಂಬಲು 8 ಗಂಟೆ ಹಿಡಿದರೆ ಗ್ಯಾಸ್ ನಿಮಿಷಕ್ಕೆ 4 ಲೀಟರಿನಷ್ಟು ಹರಿಯುತ್ತದೆ. ಅಂದರೆ ಗ್ಯಾಸಿಗೆ ಪೈಪಿನೊಳಗೆ 5 ನಿಮಿಷ ಸಿಗುತ್ತದೆ. ಅಷ್ಟು ಸಾಕು.

ಗ್ಯಾಸ್ ಕೆಳಗಿನಿಂದ ಮೇಲಕ್ಕೆ, ನೀರು ಮೇಲಿನಿಂದ ಕೆಳಕ್ಕೆ. ನೀರು ಪೈಪಿನ ಬುಡದಿಂದ ಯು ಆಕಾರದ ಬೆಂಡಿನ ಮೂಲಕ ಬಕೆಟ್ಟಿಗೆ ಬರುತ್ತದೆ. ಬೆಂಡಿನಲ್ಲಿ 30 ಸೆಂಟಿಮೀಟರ್ ನೀರು ಯಾವಾಗಲೂ ನಿಂತಿರುವುದರಿಂದ ಗ್ಯಾಸ್ ಹೊರಗೆ ಬರುವುದಿಲ್ಲ. ಬ್ಯಾಗಿನ ಒತ್ತಡ 5 ಸೆಂಟಿಮೀಟರ್ ನೀರಿನಷ್ಟೂ ಇರುವುದಿಲ್ಲ. ಎಲ್ಲಾದರೂ ಪೈಪು ಕಟ್ಟಿಕೊಂಡು ಒತ್ತಡ ಏರಿದರೆ ಬೆಂಡಿನ ನೀರನ್ನೇ ತಳ್ಳಿ ಗ್ಯಾಸ್ ಬಯಲಿಗೆ ಹೋಗುತ್ತದೆ, ಪೈಪು ಬಿರಿಯುವುದಿಲ್ಲ. ಬಕೆಟ್ಟಿನಲ್ಲಿ ಕೂಲರ್ ಪಂಪು. ಅದು ನೀರನ್ನು ಮೇಲಿನ ತೂತಿನ ಮುಚ್ಚಳಕ್ಕೆ ಎತ್ತುತ್ತದೆ. ಗಂಟೆಗೆ ಹತ್ತು ನಿಮಿಷ ಓಡುವ ಹಾಗೆ ಟೈಮರ್ ಇಟ್ಟಿದ್ದೇನೆ.

ಫಿಟ್ಟಿಂಗ್ ಎಲ್ಲಾ ಪ್ಲಾಸ್ಟಿಕ್ಕಿನದೇ ಇರಲಿ. ಮೊದಲು ಹಾಕಿದ ಹಿತ್ತಾಳೆಯ ನಿಪ್ಪಲ್ ಕರ್ರಗಾಗಿ, ದಾರ ಉದುರಿ, ಕೈಯಲ್ಲೇ ಕಿತ್ತು ಬಂತು.

5. ಒಳಗೆ ತುಂಬಿದ್ದು

ಬ್ಯಾಕ್ಟೀರಿಯಾ ಅಂಟಿಕೊಂಡು ಕೂರಲು ಏನಾದರೂ ಬೇಕು. ನಮ್ಮಲ್ಲಿ ಕೈಗೆ ಸಿಗುವುದು ಚಿರೆಕಲ್ಲು. ತೂತು ತೂತಾಗಿರುತ್ತದೆ, ಪುಕ್ಕಟೆ. ಒಡೆದು, ತೊಳೆದು ತುಂಬಿದೆ. ಶುರುವಿನಲ್ಲಿ ಬಹಳ ಒಳ್ಳೆಯ ಫಲಿತಾಂಶ. ಬ್ಯಾಕ್ಟೀರಿಯಾ ಏಳುವ ಮೊದಲೇ ವಾಸನೆ ಹೋಯಿತು! ಕಾರಣ ಬ್ಯಾಕ್ಟೀರಿಯಾ ಅಲ್ಲ. ಚಿರೆಕಲ್ಲಿನ ಕೆಂಪು ಎಂದರೆ ಕಬ್ಬಿಣದ ತುಕ್ಕೇ. ಅದು ಗಂಧಕ ಹಿಡಿಯಿತು. ಆಮೇಲೆ ಕಲ್ಲು ಕಪ್ಪಾಯಿತು. ಬ್ಯಾಕ್ಟೀರಿಯಾ ಎದ್ದು ಆಮ್ಲ ಮಾಡತೊಡಗಿದ ಮೇಲೆ ಕಲ್ಲು ಮೆತ್ತಗಾಗಿ ಕೆಸರಾಯಿತು. ಯು ಬೆಂಡು ತುಂಬಾ ಕರಿ ರಾಡಿ.

ಅಡಿಕೆ ಸಿಪ್ಪೆ ಇನ್ನೂ ಬೇಗ ಸೋತಿತು. ನೆನೆದು ಉಬ್ಬಿ ಒಂದಕ್ಕೊಂದು ಒತ್ತಿಕೊಂಡು ಗ್ಯಾಸ್ ಹೋಗಲು ದಾರಿಯೇ ಉಳಿಯಲಿಲ್ಲ. ಕತ್ತ (ತೆಂಗಿನ ನಾರು) ಹಾಕಿದರೂ ಇದೇ ಗತಿ ಅನ್ನಿಸಿ ಅದರ ತಂಟೆಗೆ ಹೋಗಲಿಲ್ಲ.

ಕೊನೆಗೆ ಉಳಿದದ್ದು ವೈರಿಂಗಿನ 20 ಎಂಎಂ ಪಿವಿಸಿ ಪೈಪು. ಎರಡೂವರೆ ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸಿದ ಬಳೆಗಳು. ಹ್ಯಾಕ್ಸಾದಲ್ಲಿ ಕೊಯ್ಯುತ್ತಾ ಕೂತರೆ ಜೀವ ಹೋಗುತ್ತದೆ. ಎಲೆಕ್ಟ್ರಿಷಿಯನ್ ಬಳಸುವ ಪೈಪು ಕಟರ್ ತೆಗೆದುಕೊಳ್ಳಿ. ಹೊಸ ಪೈಪು ತುಂಬಾ ನುಣುಪು. ಬಳೆಗಳನ್ನು ಮರಳಿನ ಜೊತೆ ಗೋಣಿಚೀಲದಲ್ಲಿ ಹಾಕಿ ಚೆನ್ನಾಗಿ ಕುಲುಕಿದೆ. ಮೇಲ್ಮೈ ಒರಟಾದ ಮೇಲೆ ಪೊರೆ ಹಿಡಿಯಲು ಸಲೀಸಾಯಿತು. ಪ್ಲಾಸ್ಟಿಕ್ಕಿಗೆ ಆಮ್ಲದ ಭಯ ಇಲ್ಲ, ಉಬ್ಬುವುದಿಲ್ಲ, ತೆಗೆದು ತೊಳೆಯಬಹುದು. ಚಿರೆಕಲ್ಲಿನಂಥ ಊರಿನ ಸಾಮಾನು ಬಿಟ್ಟು ಇದಕ್ಕೆ ಬರಬೇಕಾಯಿತಲ್ಲ ಎಂದು ಬೇಸರವಿತ್ತು. ಆದರೆ ಬಳೆಗಳು ಈವರೆಗೂ ಹಾಗೇ ಇವೆ.

6. ಗಾಳಿ

ಇಡೀ ಕೆಲಸದ ಹಿಡಿತ ಇರುವುದು ಇಲ್ಲಿ. ಅಪಾಯ ಇರುವುದೂ ಇಲ್ಲಿಯೇ.

ಗಾಳಿಗೆ ಅಕ್ವೇರಿಯಂ ಪಂಪು ಸಾಕು. ಮೊದಲ ಯೋಚನೆ ಗುಂಡಿಯ ಡೋಮಿಗೇ ಗಾಳಿ ಬಿಡುವುದಾಗಿತ್ತು. ಡ್ರಮ್ ಅಥವಾ ಬಲೂನ್ ಮಾದರಿಯ ಗುಂಡಿಯಲ್ಲಿ ಹಾಗೆ ಮಾಡುತ್ತಾರೆ. ನಮ್ಮದರಲ್ಲಿ ಅದು ಆಗಲಿಲ್ಲ. ದೀನಬಂಧು ಗುಂಡಿಯ ಒತ್ತಡ ಒಂದೇ ಸಮ ಇರುವುದಿಲ್ಲ. ಗ್ಯಾಸ್ ತುಂಬಿದಾಗ ಮುಕ್ಕಾಲು ಮೀಟರ್ ನೀರಿನಷ್ಟು ಒತ್ತಡ, ಖಾಲಿಯಾದಾಗ ಸೊನ್ನೆಯ ಹತ್ತಿರ. ತುಂಬಿದಾಗ ಸಣ್ಣ ಪಂಪು ಗಾಳಿ ತಳ್ಳಲಾರದು. ಖಾಲಿಯಾದಾಗ ಭರ್ರನೆ ತಳ್ಳುತ್ತದೆ. ಅಂದರೆ ಗ್ಯಾಸ್ ಕಡಿಮೆ ಇರುವಾಗಲೇ ಗಾಳಿ ಜಾಸ್ತಿ. ಇದು ನೇರ ಅಪಾಯ. ಗೋಬರ್ ಗ್ಯಾಸಿನಲ್ಲಿ ಉರಿಯುವ ಭಾಗವಾದ ಮೀಥೇನ್ ಗಾಳಿಯಲ್ಲಿ 5ರಿಂದ 15 ಪರ್ಸೆಂಟ್ ಆದರೆ ಕಿಡಿ ತಾಗಿದರೆ ಸಿಡಿಯುತ್ತದೆ.

ಹಾಗಾಗಿ ಗಾಳಿಯನ್ನು ಪೈಪಿನ ಬುಡಕ್ಕೆ, ಗ್ಯಾಸ್ ವಾಲ್ವ್ ಆದ ಮೇಲೆ ಕೊಟ್ಟೆ. ಅಲ್ಲಿರುವುದು ಬ್ಯಾಗಿನ ಒತ್ತಡ. ಅದು ಹೆಚ್ಚು ಕಡಿಮೆ ಸಮ ಇರುತ್ತದೆ. ಹರಿವು ತಗ್ಗಿಸಲು ಆಸ್ಪತ್ರೆಯ ಡ್ರಿಪ್ ಸೆಟ್ಟಿನ ಉರುಳೆ ಕ್ಲಿಪ್ಪು. ಅಳೆಯಲು ಅರ್ಧ ಲೀಟರ್ ಬಾಟಲಿಗೆ ನೀರು ತುಂಬಿ ಬಕೆಟ್ಟಿನಲ್ಲಿ ಬೋರಲು ಹಿಡಿದು, ಗಾಳಿ ನಳಿಕೆಯನ್ನು ಅದರೊಳಗೆ ಬಿಟ್ಟು ಸಮಯ ನೋಡುವುದು. ಅರ್ಧ ಲೀಟರ್ 3 ನಿಮಿಷಕ್ಕೆ ತುಂಬಿದರೆ 4 ಪರ್ಸೆಂಟ್. 6 ನಿಮಿಷ ಹಿಡಿದರೆ 2 ಪರ್ಸೆಂಟ್. ನಾನು ಇಟ್ಟಿರುವುದು 4 ನಿಮಿಷದ ಆಸುಪಾಸು.

ಪಂಪಿನಿಂದ ಬರುವ ಗಾಳಿ ಒಂದು ಸಣ್ಣ ಬಾಟಲಿಯ ನೀರೊಳಗೆ ಗುಳ್ಳೆಯಾಗಿ ಎದ್ದು ಮುಂದೆ ಹೋಗುತ್ತದೆ. ಗುಳ್ಳೆ ಕಂಡರೆ ಗಾಳಿ ಹೋಗುತ್ತಿದೆ ಎಂದು ತಿಳಿಯಬಹುದು. ಜೊತೆಗೆ ಒಂದು ಚೆಕ್ ವಾಲ್ವ್. ಪಂಪು ಮತ್ತು ಟೈಮರ್ ಪೈಪಿನಿಂದ ನಾಲ್ಕು ಮೀಟರ್ ದೂರದ ಕಂಬದಲ್ಲಿ ಇವೆ. ಕರೆಂಟು ಹೋದರೆ ಗಾಳಿ ನಿಲ್ಲುತ್ತದೆ. ಆಗ ಗ್ಯಾಸ್ ತೊಳೆಯದೆ ಹೋಗಬಹುದು, ಅಷ್ಟೇ. ಸಿಡಿಯುವ ಕಡೆಗೆ ಹೋಗುವುದಿಲ್ಲ. ಆದರೆ ಗ್ಯಾಸ್ ವಾಲ್ವ್ ಮುಚ್ಚಿ ಗಾಳಿ ಪಂಪು ಓಡುತ್ತಾ ಉಳಿಯಬಾರದು. ಗಾಳಿ ಬ್ಯಾಗಿಗೆ ಹೋಗಿ ಸೇರುತ್ತದೆ. ವಾಲ್ವಿನ ಹಿಡಿಕೆಗೂ ಪಂಪಿನ ಸ್ವಿಚ್ಚಿಗೂ ಒಂದೇ ಕೆಂಪು ಬಣ್ಣ ಬಳಿದು, ಎರಡನ್ನೂ ಒಟ್ಟಿಗೇ ಮುಟ್ಟಬೇಕು ಎಂದು ಮನೆಯವರಿಗೆಲ್ಲ ಹೇಳಿದ್ದೇನೆ.

7. ಶುರು ಮಾಡಿದ್ದು

ಬಕೆಟ್ಟಿಗೆ ಸ್ಲರಿಯ ತಿಳಿ 10 ಲೀಟರ್, ಬಾವಿ ನೀರು 5 ಲೀಟರ್, ಬಾಟಲಿಯಲ್ಲಿ ಬೆಳೆಸಿದ್ದು ಎಲ್ಲಾ. ಸ್ಲರಿಯನ್ನು ಹಳೆ ಪಂಚೆಯಲ್ಲಿ ಎರಡು ಸಲ ಸೋಸಬೇಕು, ಇಲ್ಲದಿದ್ದರೆ ನಾರು ಹೋಗಿ ಮೇಲಿನ ತೂತು ಕಟ್ಟುತ್ತದೆ. ಸಾರಜನಕ, ರಂಜಕ ಎಲ್ಲವೂ ಸ್ಲರಿಯಲ್ಲೇ ಇದೆ, ಬೇರೆ ಗೊಬ್ಬರ ಬೇಡ. ಕಾರ್ಬನ್ ಡೈಆಕ್ಸೈಡ್ ಗ್ಯಾಸಿನಲ್ಲೇ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಇರುತ್ತದೆ.

ಅಳತೆಗೆ ಲೆಡ್ ಅಸಿಟೇಟ್ ಕಾಗದ. ಹೈಡ್ರೋಜನ್ ಸಲ್ಫೈಡ್ ತಾಗಿದರೆ ಕಪ್ಪಾಗುತ್ತದೆ. ಸೀಸ ವಿಷ, ಗ್ಲೌಸ್ ಹಾಕಿ ಮುಟ್ಟಬೇಕು. ಒಳಬರುವ ಗ್ಯಾಸಿಗೆ ಹಿಡಿದರೆ ತಕ್ಷಣ ಕಪ್ಪು. ಹೊರಹೋಗುವ ಗ್ಯಾಸಿಗೆ ಎಷ್ಟು ಹೊತ್ತಿಗೆ ಕಪ್ಪಾಗುತ್ತದೆ ಎಂದು ದಿನಾ ಬರೆದೆ. ನಡುನಡುವೆ ಡಿಟೆಕ್ಟರ್ ಟ್ಯೂಬ್ (ಗ್ಯಾಸ್ ಹಾಯಿಸಿದರೆ ಬಣ್ಣ ಬದಲಿಸಿ ಪಿಪಿಎಂ ತೋರಿಸುವ ಗಾಜಿನ ನಳಿಕೆ) ಒಡೆದು ನಿಜವಾದ ಅಂಕಿ ನೋಡಿದೆ. ಟ್ಯೂಬು ದುಬಾರಿ, ಅದಕ್ಕೇ ಕಡಿಮೆ.

ಮೊದಲ ಕೆಲವು ದಿನ ಏನೂ ಇಲ್ಲ. ಎರಡನೇ ವಾರದಲ್ಲಿ ಬಳೆಗಳ ಮೇಲೆ ಬೂದು ಪೊರೆ, ಆಮೇಲೆ ಕೆನೆ ಬಣ್ಣ. ಕಾಗದ ಕಪ್ಪಾಗುವುದು ತಡವಾಗುತ್ತಾ ಬಂತು. ತಿಂಗಳ ಹೊತ್ತಿಗೆ ಟ್ಯೂಬಿನಲ್ಲಿ ಒಳಗೆ 2000, ಹೊರಗೆ 100ರ ಆಸುಪಾಸು. ಪಕ್ಕದ ಮನೆಯವರು ಬಂದು ಬ್ಯಾಗಿನ ಹತ್ತಿರ ನಿಂತು, ‘ಭಾವ, ವಾಸನೆನೇ ಇಲ್ಲೆ’ ಅಂದರು. ವಾಸನೆ ನಂಬಬೇಡಿ ಎಂದು ಅವರಿಗೂ ಕಾಗದ ತೋರಿಸಿದೆ.

ಇವು ನಿಧಾನ ಬೆಳೆಯುತ್ತವೆ. ಗಂಧಕದಿಂದ ಸಿಗುವ ಶಕ್ತಿಯ ದೊಡ್ಡ ಪಾಲು ಕಾರ್ಬನ್ ಡೈಆಕ್ಸೈಡನ್ನು ಮೈಯಾಗಿಸಲಿಕ್ಕೇ ಖರ್ಚಾಗುತ್ತದೆ. ಅವಸರ ಮಾಡಿ ಗಾಳಿ ಹೆಚ್ಚಿಸಿದರೆ ಬೇಗ ಏಳುವುದಿಲ್ಲ, ಆಮ್ಲ ಮಾತ್ರ ಹೆಚ್ಚುತ್ತದೆ.

ಬೆಳಿಗ್ಗೆ ಬಕೆಟ್ಟಿನಿಂದ 5 ಲೀಟರ್ ತೆಗೆದು 5 ಲೀಟರ್ ಹೊಸ ತಿಳಿ ಹಾಕುತ್ತೇವೆ. ಸ್ಲರಿ ಸ್ವಲ್ಪ ಕ್ಷಾರ ಗುಣದ್ದು, ದಿನದ ಆಮ್ಲವನ್ನು ಅದೇ ತಣಿಸುತ್ತದೆ. ಹಾಕುವಾಗ ನೊರೆ ಏಳುತ್ತದೆ. ಪಿಎಚ್ 6ರಿಂದ 7ರ ನಡುವೆ ನಿಲ್ಲುತ್ತದೆ. ದಿನಕ್ಕೆ ಒಂದೇ ಲೀಟರ್ ಹಾಕಿ ನೋಡಿದಾಗ 3ಕ್ಕೆ ಇಳಿದಿತ್ತು. ಗಂಧಕ ತಿನ್ನುವುದು ಆಗಲೂ ನಿಲ್ಲಲಿಲ್ಲ, ಆದರೆ ಆಮ್ಲದ ನೀರಿಗೆ ಹೈಡ್ರೋಜನ್ ಸಲ್ಫೈಡ್ ಕಡಿಮೆ ಇಳಿಯುತ್ತದೆ. ಹೊರಗಿನ ಅಂಕಿ ಮೇಲೇರಿತು.

8. ಕಟ್ಟಿಕೊಂಡದ್ದು, ಬಿಡಿಸಿದ್ದು

ಕೆಲವು ತಿಂಗಳು ಚೆನ್ನಾಗಿ ನಡೆಯಿತು. ಆಮೇಲೆ ಬ್ಯಾಗು ತುಂಬುವುದು ತಡವಾಗತೊಡಗಿತು. ಬೆಂಡಿನ ನೀರು ಗುಳುಗುಳು ಅನ್ನುತ್ತಿತ್ತು. ಮೇಲಿನ ಮುಚ್ಚಳ ತೆಗೆದು ನೋಡಿದರೆ ಬಳೆಗಳ ನಡುವೆ ತಿಳಿ ಹಳದಿ ಹಿಟ್ಟು. ಗಂಧಕ! ದಿನಕ್ಕೆ 5 ಗ್ರಾಮಿನಲ್ಲಿ ಒಂದಷ್ಟು ಪುಡಿಯಾಗಿಯೇ ನಿಂತು ಸೇರಿತ್ತು.

ಬಳೆಗಳನ್ನು ತೆಗೆದು ತೊಳೆಯುವುದು ಒಂದು ದಾರಿ. ಹಾಗೆ ಮಾಡಿದರೆ ಪೊರೆಯೂ ಹೋಗಿ ಮತ್ತೆ ಮೊದಲಿಂದ ಕಾಯಬೇಕು. ಸೆರ್ಗೆಯ್ ವಿನೊಗ್ರಾಡ್‌ಸ್ಕಿ ಎಂಬ ರಷ್ಯನ್ ವಿಜ್ಞಾನಿ 1887ರಲ್ಲಿ ಬರೆದ ಒಂದು ಸಂಗತಿ ಆಗ ನೆನಪಾಯಿತು. ಬೆಜಿಯಾಟೋವಾ ಎಂಬ ಬ್ಯಾಕ್ಟೀರಿಯಾ ಮೈಯೊಳಗೆ ಗಂಧಕದ ಕಾಳು ತುಂಬಿಕೊಳ್ಳುತ್ತದೆ. ಹೈಡ್ರೋಜನ್ ಸಲ್ಫೈಡ್ ಸಿಗದ ನೀರಿನಲ್ಲಿಟ್ಟರೆ ಆ ಕಾಳು ಕರಗಿ ಮಾಯವಾಗುತ್ತದೆ. ಕೂಡಿಟ್ಟದ್ದನ್ನು ತಿಂದು ಬದುಕುತ್ತದೆ. ನನ್ನ ಪೈಪಿನಲ್ಲಿ ಗಂಧಕ ಮೈಯ ಹೊರಗಿದೆ. ಆದರೆ ಗಂಧಕದ ಪುಡಿಯನ್ನು ತಿನ್ನುವ ಬ್ಯಾಕ್ಟೀರಿಯಾವೂ ಇದೆ. 1922ರಲ್ಲಿ ಅಮೆರಿಕದಲ್ಲಿ ವಾಕ್ಸ್‌ಮನ್ ಮತ್ತು ಜಾಫೆ ಮಣ್ಣಿನ ಗಂಧಕದ ಬ್ಯಾಕ್ಟೀರಿಯಾ ಒಂದನ್ನು ಬೇರ್ಪಡಿಸಿದ್ದರು, ಈಗಿನ ಹೆಸರು ಅಸಿಡಿಥಯೋಬ್ಯಾಸಿಲಸ್ ಥಯೋಆಕ್ಸಿಡಾನ್ಸ್. ಅದು ಪಿಎಚ್ 1ರಲ್ಲೂ ಬದುಕುತ್ತದೆ. ಹಾಗಾದರೆ ಗ್ಯಾಸ್ ನಿಲ್ಲಿಸಿ ಗಾಳಿ ಮಾತ್ರ ಕೊಟ್ಟರೆ, ಊಟ ಬೇಕಾದವು ಈ ಹಿಟ್ಟನ್ನೇ ತಿನ್ನಬೇಕು, ಅಲ್ವಾ?

ಮಾಡಿದ ಕ್ರಮ ಹೀಗೆ. ಗ್ಯಾಸ್ ವಾಲ್ವ್ ಮುಚ್ಚಿದೆ. ಬ್ಯಾಗಿನ ವಾಲ್ವ್ ಮುಚ್ಚಿ, ಪೈಪಿನ ಮೇಲ್ಬಾಯಿಗೆ ನಳಿಕೆ ಹಾಕಿ ಮಾಡಿನ ಮೇಲಕ್ಕೆ ಬಿಟ್ಟೆ. ಜನರೇಟರ್ ಬಂದ್, ಹತ್ತಿರ ಎಲ್ಲೂ ಬೆಂಕಿ ಇಲ್ಲ. ಒಳಗಿದ್ದ ಗ್ಯಾಸ್ ಹೊರಗೆ ಹೋಗುವ ಹೊತ್ತಿನಲ್ಲಿ ಸಿಡಿಯುವ ಮಿಶ್ರಣ ಆಗಿಯೇ ಆಗುತ್ತದೆ, ಆದ್ದರಿಂದ ಇಷ್ಟು ಕಟ್ಟುನಿಟ್ಟು. ಆಮೇಲೆ ಕ್ಲಿಪ್ಪು ಪೂರ್ತಿ ಬಿಚ್ಚಿ ಗಾಳಿ ಬಿಟ್ಟೆ. ನೀರು ನಿಲ್ಲದೆ ಸುತ್ತುವ ಹಾಗೆ ಮಾಡಿದೆ. ಸ್ಲರಿ ಹಾಕುವುದು ನಿಲ್ಲಿಸಿದೆ.

ಪಿಎಚ್ ಮಾರನೇ ದಿನದಿಂದಲೇ ಇಳಿಯಿತು. ಗ್ಯಾಸ್ ಒಂದು ಹನಿ ಇಲ್ಲ, ಆದರೂ ಆಮ್ಲ ಹೆಚ್ಚುತ್ತಿದೆ. 6, 4, 3. ಕೊನೆಗೆ ಪಿಎಚ್ ಕಾಗದ 2 ತೋರಿಸಿತು. ತಿಂದ ಗಂಧಕವೇ ಆಮ್ಲವಾಗಿ ಕೆಳಗೆ ಬರುತ್ತಿತ್ತು. ಮೇಲಿಂದ ಟಾರ್ಚ್ ಬಿಟ್ಟರೆ ಹಳದಿ ಹಿಟ್ಟು ತೆಳುವಾಗುತ್ತಾ ಬಂದದ್ದು ಕಾಣುತ್ತಿತ್ತು. ಪಿಎಚ್ ಇಳಿಯುವುದು ನಿಂತ ಮೇಲೆ ನೀರು ಬದಲಿಸಿದೆ. ಗಾಳಿ ನಿಲ್ಲಿಸಿ, ಗ್ಯಾಸನ್ನು ಅರ್ಧ ಗಂಟೆ ಮಾಡಿನ ನಳಿಕೆಯಿಂದಲೇ ಹೊರಗೆ ಬಿಟ್ಟು, ಆಮೇಲೆ ಬ್ಯಾಗಿಗೆ ಸೇರಿಸಿದೆ. ಬ್ಯಾಗು ಮೊದಲಿನ 8 ಗಂಟೆಗೆ ತುಂಬಿತು. ಲೆಡ್ ಅಸಿಟೇಟ್ ಕಾಗದ ಎರಡು ಮೂರು ದಿನದಲ್ಲೇ ಹಳೆಯ ಮಟ್ಟಕ್ಕೆ ಬಂತು. ಬಳೆ ಮುಟ್ಟಲಿಲ್ಲ, ಏನೂ ಕಳಚಲಿಲ್ಲ. ಈ ಇಡೀ ಕೆಲಸದಲ್ಲಿ ನನಗೆ ಅತ್ಯಂತ ಖುಷಿ ಕೊಟ್ಟ ಭಾಗ ಇದು.

ಈಗ ಬ್ಯಾಗು ತುಂಬಲು 10 ಗಂಟೆ ದಾಟಿತೆಂದರೆ ಇದನ್ನೇ ಮಾಡುತ್ತೇವೆ.

9. ಹೊರಬರುವ ನೀರು

ದಿನದ 5 ಲೀಟರ್ ನೀರು ನೇರ ಗೊಬ್ಬರಗುಂಡಿಗೆ. ಗಂಧಕ ಅಡಿಕೆ ಗಿಡಕ್ಕೂ ಬೇಕು. ಆದರೆ ನಮ್ಮ ಮಣ್ಣು ಮೊದಲೇ ಹುಳಿ, ಗಿಡದ ಬುಡಕ್ಕೆ ನೇರ ಹೊಯ್ಯಬಾರದು.

ಗಾಳಿ ಬಿಟ್ಟು ಬಿಡಿಸಿದಾಗ ಬರುವ ಪಿಎಚ್ 2ರ ನೀರನ್ನು ಸ್ಲರಿಗೆ ಸುರಿಯಬೇಡಿ. ಸ್ಲರಿಯಲ್ಲಿ ಕರಗಿರುವ ಸಲ್ಫೈಡ್ ಆಮ್ಲ ತಾಗಿದ ಕೂಡಲೇ ಗ್ಯಾಸಾಗಿ ಮುಖಕ್ಕೇ ಏಳುತ್ತದೆ. ಬೇರೆ ಡ್ರಮ್ಮಿನಲ್ಲಿ ಸುಣ್ಣ ಹಾಕಿ, ಕಲಕಿ, ಪಿಎಚ್ 7 ಆದ ಮೇಲೆ ಗುಂಡಿಗೆ.

ಬೇಸಿಗೆಯಲ್ಲಿ ಬಾವಿ ಇಳಿದಾಗ ದಿನದ ಆ 5 ಲೀಟರ್ ನೀರಿನಲ್ಲಿ ಸಗಣಿ ಕಲಕಿದ್ದೂ ಉಂಟು. ಎರಡು ಮೂರು ವಾರದಲ್ಲಿ ಒಳಬರುವ ಗ್ಯಾಸಿನ ಅಂಕಿ 2000ದಿಂದ ಸುಮಾರು 3000ಕ್ಕೆ ಹೋಯಿತು. ಗುಂಡಿಯೊಳಗೆ ಗಾಳಿ ಇಲ್ಲ. ಅಲ್ಲಿರುವ ಬೇರೆ ಜಾತಿಯ ಬ್ಯಾಕ್ಟೀರಿಯಾಗಳು ಆ ನೀರಿನಲ್ಲಿ ಗಂಧಕಾಮ್ಲದಿಂದ ಆದ ಸಲ್ಫೇಟನ್ನು ವಾಪಸ್ ಹೈಡ್ರೋಜನ್ ಸಲ್ಫೈಡ್ ಮಾಡುತ್ತವೆ. ಪೈಪಿನಲ್ಲಿ ತೆಗೆದದ್ದನ್ನೇ ಗುಂಡಿಗೆ ಹಾಕಿದ ಹಾಗಾಯಿತು. ನಿಲ್ಲಿಸಿದ ಮೇಲೆ ಅಂಕಿ ಮತ್ತೆ ಇಳಿಯಿತು.

10. ಖರ್ಚು ಮತ್ತು ಉಳಿದ ಕೆಲಸ

ದೊಡ್ಡ ಪೈಪು, ಮುಚ್ಚಳ, ಬೆಂಡು, ಅಂಟು ಸೇರಿ 1,600 ರೂಪಾಯಿ. ವೈರಿಂಗ್ ಪೈಪು 700. ಅಕ್ವೇರಿಯಂ ಪಂಪು, ನಳಿಕೆ, ಚೆಕ್ ವಾಲ್ವ್ 600. ಕೂಲರ್ ಪಂಪು 350, ಟೈಮರ್ 500. ಪಿಎಚ್ ಕಾಗದ, ಹೈಪೋ, ಕಿಟ್ಟು 400. ಗ್ಯಾಸ್ ಬ್ಯಾಗು ಮೊದಲೇ ಇತ್ತು, ಲೆಕ್ಕಕ್ಕಿಲ್ಲ. ಡಿಟೆಕ್ಟರ್ ಟ್ಯೂಬು ಪರಿಚಯದವರಿಂದ ಸಿಕ್ಕವು. ಕೊಂಡರೆ ಒಟ್ಟು ಖರ್ಚು ಸಾಕಷ್ಟು ಏರುತ್ತದೆ.

ಬಗೆಹರಿಯದೆ ಉಳಿದಿರುವುದು ಚಳಿ. ಶಿರಸಿ ಘಟ್ಟದ ಮೇಲಿನ ಊರು. ಡಿಸೆಂಬರ್, ಜನವರಿಯ ರಾತ್ರಿ ಬಕೆಟ್ಟಿನ ನೀರು 16 ಡಿಗ್ರಿಗೆ ಇಳಿಯುತ್ತದೆ. ಆಗ ಬೆಳಗಿನ ಹೊತ್ತು ಹೊರಗಿನ ಗ್ಯಾಸಿನಲ್ಲಿ 400 ಪಿಪಿಎಂ ಕಂಡಿದೆ, ಮಧ್ಯಾಹ್ನ ತಾನೇ ಇಳಿಯುತ್ತದೆ. ಪೈಪಿಗೆ ಗೋಣಿ ಸುತ್ತಿದ್ದರಿಂದ ಸ್ವಲ್ಪ ಅನುಕೂಲ ಆಯಿತು, ಸಾಲದು. ಈಗ ಚಳಿಗಾಲದಲ್ಲಿ ಬ್ಯಾಗನ್ನು ರಾತ್ರಿ ಬದಲು ಬೆಳಿಗ್ಗೆ ಹತ್ತರಿಂದ ಸಂಜೆ ಆರರವರೆಗೆ ತುಂಬಿಸುತ್ತಿದ್ದೇವೆ. ಮುಂದಿನ ಚಳಿಯೊಳಗೆ ಬಕೆಟ್ಟನ್ನು ಬಚ್ಚಲ ಒಲೆಯ ಹಿಂಗೋಡೆಗೆ ಸರಿಸಬೇಕು. ಅಲ್ಲಿ ಹಂಡೆಯ ಬಿಸಿ ಗೋಡೆಗೆ ತಾಗಿರುತ್ತದೆ. ಆದರೆ ಒಲೆಗೂ ಗ್ಯಾಸ್ ಪೈಪಿಗೂ ನಡುವೆ ಎಷ್ಟು ಅಂತರ ಬಿಡಲು ಆಗುತ್ತದೆ ಎಂದು ಟೇಪು ಹಿಡಿದು ನೋಡಬೇಕು. ಪೈಪು ಈಗಿರುವಲ್ಲೇ ಇದ್ದು, ನೀರು ಮಾತ್ರ ಅಲ್ಲಿಗೆ ಹೋಗಿ ಬರುವಂತೆ ಆದರೆ ಅದನ್ನೇ ಮಾಡುವುದು.